ಶಾಲು ಬೇಡ, ಶೆಡ್ ಕೊಡಿ

ಪ್ರಶ್ನೆ: ನಾವು ಹನ್ನೊಂದು ಜನ ಮೈಸೂರಿನ ಒಂದು ಕಲಾ ಕಾಲೇಜಿನ ಹಳೇ ವಿದ್ಯಾರ್ಥಿಗಳು. ಹೆಚ್ಚಿನವರು ಮಂಡ್ಯ ಜಿಲ್ಲೆಯವರು. ಇಬ್ಬರು ಬೆಂಗಳೂರಿನಲ್ಲಿ ಡಿಸೈನರ್, ಮೂವರು ಡ್ರಾಯಿಂಗ್ ಮೇಷ್ಟ್ರು, ಒಬ್ಬರದ್ದು ಫ್ರೇಮ್ ಅಂಗಡಿ. ನಮ್ಮ ನಂತರ ಓದಿದ ಹುಡುಗ ಹುಡುಗಿಯರಲ್ಲಿ ಸುಮಾರು ಜನ ಡಿಗ್ರಿ ಮುಗಿದ ಮೇಲೆ ಬ್ರಷ್ಷೇ ಮುಟ್ಟಿಲ್ಲ. ಅವರಿಗೆ ಏನಾದರೂ ಮಾಡೋಣ ಅಂತ 2 ಲಕ್ಷ ರೂಪಾಯಿ ಸೇರಿಸಿದ್ದೇವೆ. ಪ್ರತಿ ವರ್ಷ ಒಂದು ಉತ್ತಮ ವಿದ್ಯಾರ್ಥಿ ಪ್ರಶಸ್ತಿ ಕೊಟ್ಟು, ದೊಡ್ಡದಾಗಿ ಒಂದು ಪ್ರದರ್ಶನ ಮಾಡುವುದು ನಮ್ಮ ಯೋಚನೆ. ಇದು ಸರಿಯಾದ ದಾರಿಯೇ?
ಹಳೇ ವಿದ್ಯಾರ್ಥಿನಿ, ಮದ್ದೂರು

ಉತ್ತರ: ಮೊದಲು ನಿಮ್ಮ ಹನ್ನೊಂದೂ ಜನಕ್ಕೆ ಒಂದು ನಮಸ್ಕಾರ. ಹಳೇ ವಿದ್ಯಾರ್ಥಿಗಳು ಸೇರಿದರೆ ಸಾಮಾನ್ಯವಾಗಿ ಒಂದು ಊಟ, ಒಂದು ಗ್ರೂಪ್ ಫೋಟೋ, ಅಷ್ಟಕ್ಕೇ ಮುಗಿಯುತ್ತದೆ. ನೀವು ದುಡ್ಡು ಸೇರಿಸುವ ತನಕ ಬಂದಿದ್ದೀರಿ.

ಆದರೆ ಪ್ರಶಸ್ತಿ ಬೇಡ ಅಂತ ನೇರವಾಗಿ ಹೇಳಿಬಿಡುತ್ತೇನೆ. ನಾನು ಇಂಥ ಸಮಾರಂಭಗಳಲ್ಲಿ ವೇದಿಕೆ ಮೇಲೂ ಕೂತಿದ್ದೇನೆ, ಕೆಳಗೂ ಕೂತಿದ್ದೇನೆ. ಹಾಲ್ ಬಾಡಿಗೆ, ಫ್ಲೆಕ್ಸು, ಅತಿಥಿಗಳಿಗೆ ಮೈಸೂರು ಪೇಟ, ಶಾಲು, ಹಾರ, ಹಣ್ಣಿನ ಬುಟ್ಟಿ, ಆಮೇಲೆ ಊಟ. ಇದೆಲ್ಲ ಆದ ಮೇಲೆ ಉಳಿದದ್ದು ವಿದ್ಯಾರ್ಥಿಗೆ. ಅದೂ ಯಾರಿಗೆ? ಕ್ಲಾಸಿನಲ್ಲಿ ಆಗಲೇ ಚೆನ್ನಾಗಿ ಮಾಡುತ್ತಿರುವ ಒಬ್ಬರಿಗೆ. ನಿಮ್ಮ ಚಿಂತೆ ಇರುವುದು ಬ್ರಷ್ ಬಿಟ್ಟವರ ಬಗ್ಗೆ. ಆ ಪ್ರಶಸ್ತಿ ಅವರ ಮನೆ ಬಾಗಿಲಿಗೆ ಯಾವತ್ತೂ ಬರುವುದಿಲ್ಲ.

ಅವರು ಯಾಕೆ ಬಿಟ್ಟರು ಅಂತ ಕೇಳಿ ನೋಡಿದ್ದೀರಾ? ನಾನು ಕೇಳಿದ್ದೇನೆ. "ದುಡ್ಡಿಲ್ಲ ಸಾರ್" ಅನ್ನುವ ಮಾತು ಬರುತ್ತದೆ, ನಿಜ. ಆದರೆ ಸ್ವಲ್ಪ ಹೊತ್ತು ಕೂತು ಮಾತಾಡಿಸಿದರೆ ಬೇರೆ ಮಾತು ಬರುತ್ತದೆ. "ಮನೇಲಿ ಜಾಗ ಇಲ್ಲ." "ಮಾಡಿದ್ರೂ ಯಾರಿಗೆ ತೋರ್ಸೋದು?"

ಫೈನಲ್ ಇಯರ್ ಡಿಸ್‌ಪ್ಲೇ ಮುಗಿದ ಮಾರನೇ ದಿನ ಕಾಲೇಜಿನ ಗೇಟಿನ ಹತ್ತಿರ ನಿಂತು ನೋಡಿ. ಕ್ಯಾನ್ವಾಸ್‌ಗಳನ್ನು ಬೆಡ್‌ಶೀಟಿನಲ್ಲಿ ಸುತ್ತಿ ಗೂಡ್ಸ್ ಆಟೋಗೆ ಹಾಕುತ್ತಾರೆ. ಶಿಲ್ಪ ಮಾಡಿದವರ ಪಾಡು ಇನ್ನೂ ಕಷ್ಟ. ಆರಡಿ ಫೈಬರ್ ಮೂರ್ತಿಯನ್ನು ನಾಗಮಂಗಲದ ಹಳ್ಳಿಮನೆಗೆ ಒಯ್ದು ಎಲ್ಲಿಡುವುದು? ಕೊಟ್ಟಿಗೆಯಲ್ಲಿ. ಅಪ್ಪ ಒಂದು ವರ್ಷ ಸುಮ್ಮನಿರುತ್ತಾರೆ, ಎರಡನೇ ವರ್ಷ "ಇದನ್ನೇನಪ್ಪ ಮಾಡೋದು" ಅನ್ನುತ್ತಾರೆ. ಕೆಲವರು ಒಯ್ಯುವುದೇ ಇಲ್ಲ. ಕಾಲೇಜಿನ ಹಿಂದಿನ ಕಾಂಪೌಂಡ್ ಪಕ್ಕ ಮಳೆಯಲ್ಲಿ ನೆನೆಯುತ್ತಿರುವ ಮೂರ್ತಿಗಳನ್ನು ನೀವೂ ನೋಡಿರುತ್ತೀರಿ, ಅಲ್ವಾ?

ನಾಲ್ಕು ವರ್ಷ ಕಾಲೇಜು ಕೊಟ್ಟದ್ದು ಪಾಠ ಮಾತ್ರ ಅಲ್ಲ. ಎತ್ತರದ ಚಾವಣಿ, ಉತ್ತರದ ಕಿಟಕಿಯ ಬೆಳಕು, ಚಿತ್ರದ ಅಚ್ಚು ಹಾಕುವ ಎಚಿಂಗ್ ಪ್ರೆಸ್, ಮಣ್ಣು ಸುಡುವ ಭಟ್ಟಿ ಕೊಟ್ಟಿತ್ತು. "ಇದು ಸರಿ ಇಲ್ಲ ಕಣೋ" ಅನ್ನುವ ಗೆಳೆಯರನ್ನು ಕೊಟ್ಟಿತ್ತು. ಸಬ್‌ಮಿಶನ್ ತಾರೀಕು ಅನ್ನುವ ಒಂದು ಹೆದರಿಕೆಯನ್ನೂ ಕೊಟ್ಟಿತ್ತು. ಇವೆಲ್ಲ ಒಂದೇ ದಿನ ಕೈತಪ್ಪುತ್ತವೆ. ಮೊದಲ ಎರಡು ವರ್ಷ ದಾಟಿದವರು ಹೇಗೋ ಮುಂದುವರಿಯುತ್ತಾರೆ. ನಾನು ನೋಡಿದ ಮಟ್ಟಿಗೆ ಬಿಡುವವರೆಲ್ಲ ಬಿಡುವುದು ಆ ಎರಡು ವರ್ಷದೊಳಗೆ. ನಿಮ್ಮ 2 ಲಕ್ಷವನ್ನು ಆ ಎರಡು ವರ್ಷದ ಮೇಲೆ ಹಾಕಿ.

ಕಲಾವಿದರಿಗೆ ಜಾಗ ಕೊಡುವುದು ಮೈಸೂರಿಗೆ ಹೊಸ ವಿಚಾರವೇನಲ್ಲ. ಹಿಂದೆ ಅರಮನೆಯೇ ಕೆಲಸವನ್ನೂ ಕೊಡುತ್ತಿತ್ತು, ಕೂತು ಮಾಡಲು ಜಾಗವನ್ನೂ ಕೊಡುತ್ತಿತ್ತು. ಅರಮನೆಯ ಕಲ್ಯಾಣಮಂಟಪದ ಗೋಡೆಗಳ ಮೇಲಿರುವ ದಸರಾ ಮೆರವಣಿಗೆಯ ಚಿತ್ರಗಳು ಹಾಗೆ ಬಂದವು. ಸಯ್ಯಾಜಿರಾವ್ ರಸ್ತೆಯ ಚಾಮರಾಜೇಂದ್ರ ಟೆಕ್ನಿಕಲ್ ಇನ್‌ಸ್ಟಿಟ್ಯೂಟ್ ಕಟ್ಟಡ ನಿಮಗೆ ಗೊತ್ತು, ಈಗ ಕಾವೇರಿ ಎಂಪೋರಿಯಂ ಇರುವುದು. ಕಲಿಯುವುದು, ಮಾಡುವುದು, ಮಾರುವುದು ಒಂದಕ್ಕೊಂದು ಹತ್ತಿರ ಇರಬೇಕು ಅನ್ನುವ ಯೋಚನೆ ಅಂಥ ಕಡೆ ಇತ್ತು. 1980ರ ದಶಕದ ಆರಂಭದಲ್ಲಿ ಕಾವಾ, ಅಂದರೆ ಚಾಮರಾಜೇಂದ್ರ ದೃಶ್ಯಕಲಾ ಅಕಾಡೆಮಿ ಶುರುವಾಯಿತು. ಕಲಿಸುವುದಕ್ಕೆ ಒಳ್ಳೆಯ ಜಾಗ ಆಯಿತು. ಓದು ಮುಗಿಸಿದವರು ಕೂತು ಮಾಡುವ ಜಾಗದ ಮಾತು ಮಾತ್ರ ಅಲ್ಲಿಗೇ ನಿಂತಿದೆ.

ಹಾಗಾಗಿ ನನ್ನ ಮೊದಲ ಸಲಹೆ ಇದು. ಒಂದು ಶೆಡ್ ಹಿಡಿಯಿರಿ. ಮೈಸೂರು ನಗರದೊಳಗೆ ಹುಡುಕಬೇಡಿ, ಬಾಡಿಗೆ ಕೇಳಿದರೆ ತಲೆ ತಿರುಗುತ್ತದೆ. ನಿಮ್ಮ ಮಂಡ್ಯದಲ್ಲೇ ನೋಡಿ. ಮದ್ದೂರು, ಪಾಂಡವಪುರ, ಶ್ರೀರಂಗಪಟ್ಟಣದ ಸುತ್ತ ನಿಂತುಹೋದ ಆಲೆಮನೆಗಳಿವೆ. ಆಲೆಮನೆಗಿಂತ ಒಳ್ಳೆಯ ಸ್ಟುಡಿಯೋ ನನಗಂತೂ ಕಾಣುವುದಿಲ್ಲ. ಹೊಗೆ ಹೋಗಲಿ ಅಂತ ಎತ್ತರದ ಸೂರು. ಕಬ್ಬಿನ ಗಾಡಿ ಬರಲಿ ಅಂತ ಅಗಲದ ದಾರಿ. ಕಬ್ಬಿನ ಸಿಪ್ಪೆ ಹರವಲು ಅಂಗಳ. ಪಕ್ಕದಲ್ಲೇ ನೀರು. ಕಲ್ಲು ಕೆತ್ತಿದರೂ, ಗ್ರೈಂಡರ್ ಹಾಕಿದರೂ ಪಕ್ಕದ ಮನೆಯವರು ಬಂದು ಜಗಳ ಆಡುವುದಿಲ್ಲ. ಬೆಲ್ಲದ ಘಮ ಗೋಡೆಯಲ್ಲಿ ವರ್ಷಗಟ್ಟಲೆ ಉಳಿದಿರುತ್ತದೆ, ಅದು ಬೋನಸ್ಸು. ಇರುವೆಗಳೂ ಬೋನಸ್ಸೇ ಅನ್ನಿ.

ಲೆಕ್ಕ ಹೀಗೆ ಹಾಕಿ. ತಿಂಗಳಿಗೆ 5,000 ರೂಪಾಯಿ ಬಾಡಿಗೆ ಅಂತ ಇಟ್ಟುಕೊಂಡರೆ ಎರಡು ವರ್ಷಕ್ಕೆ 1,20,000 ಆಯಿತು. ಅಡ್ವಾನ್ಸ್ 20,000, ಅದು ವಾಪಸ್ ಬರುವ ದುಡ್ಡು. ಉಳಿದ 60,000ದಲ್ಲಿ ವಯರಿಂಗು, ಟ್ಯೂಬ್‌ಲೈಟು, ಕ್ಯಾನ್ವಾಸ್ ನಿಲ್ಲಿಸಲು ಮರದ ರ‍್ಯಾಕು, ನಾಲ್ಕು ಗಟ್ಟಿ ಮೇಜು, ಒಂದು ಒಳ್ಳೆಯ ಬೀಗ. ಒಂದು ಎಚ್ಚರಿಕೆ. ತೋಟದ ಪಂಪ್‌ಸೆಟ್ಟಿನ ಕನೆಕ್ಷನ್ನಿನಿಂದ ವೆಲ್ಡಿಂಗ್ ಮಾಡಲು ಹೋಗಬೇಡಿ. ಆ ಕರೆಂಟು ಬೇಸಾಯಕ್ಕೆ ಮಾತ್ರ. ನಮ್ಮ ಕಡೆಯ ವಿದ್ಯುತ್ ಕಂಪನಿ ಸೆಸ್ಕ್‌ನಲ್ಲಿ ಅರ್ಜಿ ಹಾಕಿ ಬೇರೆ ಮೀಟರ್ ಹಾಕಿಸಿ. ಮಾಲೀಕರ ಜೊತೆ ಬಾಡಿಗೆ ಕರಾರು ಬರೆದುಕೊಳ್ಳಿ. ಊರಿನ ಪರಿಚಯ, ಮಾತಿನ ಮೇಲೆ ನಡೆಯುತ್ತದೆ ಅನ್ನಬೇಡಿ.

ಶೆಡ್ಡನ್ನು ಪೂರ್ತಿ ಪುಕ್ಕಟೆ ಕೊಡಬೇಡಿ. ಒಬ್ಬೊಬ್ಬರಿಂದ ತಿಂಗಳಿಗೆ 200 ಆದರೂ 300 ಆದರೂ ತೆಗೆದುಕೊಳ್ಳಿ. ಪುಕ್ಕಟೆ ಜಾಗದಲ್ಲಿ ಯಾರೂ ಕಸ ಗುಡಿಸುವುದಿಲ್ಲ. ಇದು ಅನುಭವದ ಮಾತು. ಒಂದು ಕಾಲದಲ್ಲಿ ನಾನೂ ಗೆಳೆಯರೂ ಇಂಥದ್ದೇ ಒಂದು ಗೋಡೌನ್ ನಡೆಸಿ, ಎಂಟನೇ ತಿಂಗಳಿಗೆ ಟರ್ಪಂಟೈನ್ ಡಬ್ಬಿ ಯಾರು ಚೆಲ್ಲಿದರು ಅನ್ನುವ ಜಗಳದಲ್ಲಿ ಮುಚ್ಚಿದೆವು.

ಹೆಣ್ಣುಮಕ್ಕಳ ವಿಚಾರ ಬೇರೆಯಾಗಿ ಹೇಳಬೇಕು. ಬಸ್ ಚಾರ್ಜು ಈಗ ದೊಡ್ಡ ಅಡ್ಡಿಯಲ್ಲ, 2023ರ ಜೂನ್‌ನಿಂದ ಸಾಮಾನ್ಯ ಸರ್ಕಾರಿ ಬಸ್ಸುಗಳಲ್ಲಿ ಹೆಂಗಸರಿಗೆ ಟಿಕೆಟ್ ಇಲ್ಲ. ಅಡ್ಡಿ ಇರುವುದು ಹೊತ್ತಿನದ್ದು. ಹುಡುಗರು ರಾತ್ರಿ ಒಂಬತ್ತಕ್ಕೆ ಶುರು ಮಾಡಿ ಎರಡು ಗಂಟೆವರೆಗೆ ಕೆಲಸ ಮಾಡುವ ಜಾಗ ಹುಡುಗಿಯರಿಗೆ ಇಲ್ಲದ ಜಾಗವೇ ಸರಿ. ಬೆಳಗ್ಗೆ ಒಂಬತ್ತಕ್ಕೆ ಬಾಗಿಲು ತೆರೆಯಬೇಕು. ಮೇನ್ ರೋಡಿಗೆ ನಡೆದು ಹೋಗುವಷ್ಟು ದೂರದಲ್ಲಿರಬೇಕು. ಬೀಗದ ಕೈ ಒಂದು ಹುಡುಗಿಯ ಹತ್ತಿರವೂ ಇರಬೇಕು. ಶೌಚಾಲಯ ಇಲ್ಲದ ಶೆಡ್ಡನ್ನು ಎಷ್ಟೇ ಅಗ್ಗಕ್ಕೆ ಕೊಟ್ಟರೂ ಹಿಡಿಯಬೇಡಿ. ನೀವು ಮೊದಲ ತಿಂಗಳು ನಾಲ್ಕಾರು ಮನೆಗೆ ಹೋಗಿ ಅಪ್ಪ ಅಮ್ಮಂದಿರನ್ನು ಮಾತಾಡಿಸಿದರೆ ಅರ್ಧ ಕೆಲಸ ಆದಂತೆ. "ಮೇಡಂ ಇದ್ದಾರೆ" ಅನ್ನುವ ಒಂದು ಮಾತು ನಮ್ಮ ಕಡೆ ಬಹಳ ನಡೆಯುತ್ತದೆ.

ಪ್ರೆಸ್ಸು, ಭಟ್ಟಿಗಳನ್ನು ಕೊಳ್ಳಲು ಹೋಗಬೇಡಿ. ನಿಮ್ಮ ದುಡ್ಡೆಲ್ಲ ಅದಕ್ಕೇ ಹೋಗುತ್ತದೆ. ಬದಲಿಗೆ ನಿಮ್ಮ ಕಾಲೇಜಿನ ಪ್ರಿನ್ಸಿಪಾಲರನ್ನು ನೋಡಿ. ಭಾನುವಾರ, ರಜಾ ದಿನಗಳಲ್ಲಿ ಪ್ರಿಂಟ್‌ಮೇಕಿಂಗ್ (ಅಚ್ಚಿನಿಂದ ಚಿತ್ರ ಮುದ್ರಿಸುವ) ವಿಭಾಗವನ್ನು ಹಳೇ ವಿದ್ಯಾರ್ಥಿಗಳಿಗೆ ಒಂದು ಶುಲ್ಕ ಇಟ್ಟು ಬಿಡಿ ಅಂತ ಬರವಣಿಗೆಯಲ್ಲಿ ಕೇಳಿ. ಏನಾದರೂ ಮುರಿದರೆ ಸಂಘವೇ ಜವಾಬ್ದಾರಿ ಅಂತಲೂ ಬರೆಯಿರಿ. ಹನ್ನೊಂದು ಸಹಿ ಇರುವ ಪತ್ರಕ್ಕೆ ಒಬ್ಬನ ಅರ್ಜಿಗಿಂತ ತೂಕ ಜಾಸ್ತಿ. ಅದು ಆಗದಿದ್ದರೆ ಚೆನ್ನೈನ ಗ್ರೀಮ್ಸ್ ರಸ್ತೆಯಲ್ಲಿ ಲಲಿತಕಲಾ ಅಕಾಡೆಮಿಯ ಪ್ರಾದೇಶಿಕ ಕೇಂದ್ರ ಇದೆ. ಅಲ್ಲಿ ಗ್ರಾಫಿಕ್ಸ್, ಸೆರಾಮಿಕ್, ಶಿಲ್ಪದ ಸ್ಟುಡಿಯೋಗಳಿವೆ. ಒಬ್ಬ ಪ್ರಿಂಟ್‌ಮೇಕರ್‌ಗೆ ಒಂದು ತಿಂಗಳು ಅಲ್ಲಿದ್ದು ಬರಲು ರೈಲು ಚಾರ್ಜು, ರೂಮು, ಊಟ ಕೊಡಿ. ಪ್ರಶಸ್ತಿಗಿಂತ ಎಷ್ಟೋ ಮೇಲು. ಅಲ್ಲಿಯವರೆಗೆ ಲಿನೋ, ಅಂದರೆ ಲಿನೋಲಿಯಂ ಹಾಳೆಯಲ್ಲಿ ಕೆತ್ತಿದ ಅಚ್ಚು ಸಾಕು. ಅದಕ್ಕೆ ಪ್ರೆಸ್ಸೇ ಬೇಡ, ಹಾಳೆಯ ಬೆನ್ನಿಗೆ ಚಮಚ ಉಜ್ಜಿದರೂ ಪ್ರಿಂಟ್ ಬರುತ್ತದೆ.

ಜಾಗ ಆಯಿತು. ಸಬ್‌ಮಿಶನ್ ಹೆದರಿಕೆ? ಅದನ್ನು ನೀವೇ ಹುಟ್ಟಿಸಬೇಕು. ತಿಂಗಳಿಗೊಂದು ಭಾನುವಾರ ಎಲ್ಲರೂ ಆ ತಿಂಗಳ ಕೆಲಸ ತಂದು ಗೋಡೆಗೆ ಒರಗಿಸಬೇಕು. ಮಾಡಿದವರು ಹತ್ತು ನಿಮಿಷ ಬಾಯಿ ಮುಚ್ಚಿ ಕೇಳಬೇಕು, ಉಳಿದವರು ಮಾತಾಡಬೇಕು. "ಸೂಪರ್", "ಚೆನ್ನಾಗಿದೆ" ಅನ್ನುವ ಎರಡು ಮಾತುಗಳಿಗೆ ಹತ್ತು ರೂಪಾಯಿ ದಂಡ ಹಾಕಿ, ಆ ದುಡ್ಡಲ್ಲಿ ಟೀ ತರಿಸಿ. ಈ ಸಭೆಗೆ ಹೊರಗಿನವರೊಬ್ಬರನ್ನು ಕರೆಯಿರಿ. ದೊಡ್ಡ ಕಲಾವಿದರೇ ಆಗಬೇಕಿಲ್ಲ. ರಂಗಾಯಣದ ರಂಗಸಜ್ಜಿಕೆ ನೋಡಿಕೊಳ್ಳುವವರು, ಬೀಟೆ ಮರದಲ್ಲಿ ಚಿತ್ರ ಕೂರಿಸುವ ಇನ್‌ಲೇ ಕೆಲಸದವರು, ಗಂಜೀಫಾ (ಇಸ್ಪೀಟಿನಂಥ ಆಟದ ಎಲೆಗಳ ಮೇಲಿನ ಚಿತ್ರ) ಬರೆಯುವವರು. ದಶಾವತಾರ ಗಂಜೀಫಾದಲ್ಲಿ 120 ಎಲೆ. ಅಂಗೈಯಗಲದ ಒಂದೊಂದು ಎಲೆಯ ಮೇಲೆ ಚಿತ್ರ ಬರೆಯುವವರು ನಮ್ಮ ಎಂಟಡಿ ಕ್ಯಾನ್ವಾಸ್ ನೋಡಿ "ಇಷ್ಟು ಜಾಗ ಯಾಕೆ ಬೇಕಾಯ್ತು?" ಅಂತ ಕೇಳಿದರೆ ಉತ್ತರ ಹುಡುಕಬೇಕಾಗುತ್ತದೆ.

ಈಗ ದುಡಿಮೆ. ಇದರ ಬಗ್ಗೆ ಕ್ಲಾಸಿನಲ್ಲಿ ಹೇಳಿಕೊಟ್ಟದ್ದು ಕಡಿಮೆ, ಅದಕ್ಕೇ ಸ್ವಲ್ಪ ಉದ್ದ ಮಾಡುತ್ತೇನೆ.

ನಾನು ಡಿಗ್ರಿ ಮುಗಿಸಿದ ಹೊಸತರಲ್ಲಿ ಒಬ್ಬ ಬಿಲ್ಡರ್ ಅಪಾರ್ಟ್‌ಮೆಂಟಿನ ಗೋಡೆಗೆ ಚಿತ್ರ ಬರೆಯಲು ಕರೆದರು. ಮಾತಿನಲ್ಲೇ ದರ ಆಯಿತು. ಸಾರುವೆ, ಬಣ್ಣ ಎಲ್ಲ ನನ್ನದೇ ಖರ್ಚು. ಮುಗಿದ ಮೇಲೆ "ಬಣ್ಣ ಸ್ವಲ್ಪ ಡಲ್ ಆಯ್ತು" ಅಂತ ಅರ್ಧ ದುಡ್ಡು ಕೊಟ್ಟರು. ಮರುವರ್ಷ ಅದೇ ಚಿತ್ರ ಅವರ ಕ್ಯಾಲೆಂಡರಿನ ಮೇಲೆ! ನನ್ನ ಹೆಸರೂ ಇಲ್ಲ. ಕೋಪದಲ್ಲಿ ವಕೀಲರೊಬ್ಬರ ಹತ್ತಿರ ಹೋದೆ. ಅವರು ಹೇಳಿದ ಮಾತು ಇವತ್ತಿಗೂ ನೆನಪಿದೆ. "ಕಾಗದ ಎಲ್ಲಪ್ಪ?"

1957ರ ಕೃತಿಸ್ವಾಮ್ಯ ಕಾಯ್ದೆಯಲ್ಲಿ ಒಂದು ಮಾತಿದೆ. ಸಾಮಾನ್ಯವಾಗಿ ಚಿತ್ರ ಬರೆದವರೇ ಕಾಪಿರೈಟಿನ ಮೊದಲ ಒಡೆಯರು. ಆದರೆ ಯಾರೋ ದುಡ್ಡು ಕೊಟ್ಟು "ನಮಗಾಗಿ ಬರೆದುಕೊಡಿ" ಅಂತ ಬರೆಸಿದ ಚಿತ್ರಕ್ಕೆ, ಬೇರೆ ಒಪ್ಪಂದ ಇಲ್ಲದಿದ್ದರೆ, ಬರೆಸಿದವರೇ ಮೊದಲ ಒಡೆಯರಾಗುತ್ತಾರೆ. ಆ "ಬೇರೆ ಒಪ್ಪಂದ" ಅನ್ನುವುದೇ ನಮ್ಮ ಹಿಡಿತ. "ಈ ಚಿತ್ರದ ಕೃತಿಸ್ವಾಮ್ಯ ಕಲಾವಿದರದ್ದು" ಅನ್ನುವ ಒಂದು ಸಾಲು ಕರಾರಿನಲ್ಲಿದ್ದರೆ ಸಾಕಿತ್ತು. ಮನೆಯಲ್ಲಿ ನಿಮ್ಮಷ್ಟಕ್ಕೆ ನೀವು ಬರೆದ ಚಿತ್ರ ಮಾರಿದಾಗ ಹಾಗಲ್ಲ. ಕೊಂಡವರಿಗೆ ಹೋಗುವುದು ಚಿತ್ರ ಮಾತ್ರ. ಅದನ್ನು ಕ್ಯಾಲೆಂಡರ್ ಮಾಡುವ ಹಕ್ಕು ಬೇಕಾದರೆ ಅವರು ಬರವಣಿಗೆಯಲ್ಲಿ ಪಡೆಯಬೇಕು. ಹಾಗೆ ಹಕ್ಕು ಬರೆದುಕೊಡುವಾಗ ಎಷ್ಟು ವರ್ಷಕ್ಕೆ ಅಂತ ಹಾಕದಿದ್ದರೆ ಕಾನೂನು 5 ವರ್ಷ ಅಂತ ಹಿಡಿಯುತ್ತದೆ. ಕಲಾವಿದರು ಬದುಕಿರುವಷ್ಟು ಕಾಲ, ಆಮೇಲೆ 60 ವರ್ಷ ಹಕ್ಕು ಇರುತ್ತದೆ. ನಮ್ಮ ಮೊಮ್ಮಕ್ಕಳ ಅನ್ನದ ಮಾತು ಇದು.

ಕೆ. ವೆಂಕಟಪ್ಪ ಅವರ ಹೆಸರು ಎಲ್ಲರೂ ಹೇಳುತ್ತಾರೆ. ಮಹಾರಾಜರ ನೆರವಿನಿಂದ ಕಲ್ಕತ್ತಕ್ಕೆ ಹೋಗಿ ಅವನೀಂದ್ರನಾಥ ಟ್ಯಾಗೋರರ ಹತ್ತಿರ ಕಲಿತವರು. ಅಂಥವರೇ ಸಂಭಾವನೆಯ ವಿಚಾರಕ್ಕೆ ಅರಮನೆಯ ಮೇಲೆ ಕೋರ್ಟಿನವರೆಗೂ ಹೋಗಬೇಕಾಯಿತು. ದುಡ್ಡಿನ ಮಾತಾಡಿದರೆ ಕಲೆಗೆ ಮೈಲಿಗೆ ಅನ್ನುವವರಿಗೆ ಈ ಕತೆ ಹೇಳಿ.

ಹಾಗಾಗಿ ನಿಮ್ಮ ಗುಂಪು ಒಂದೇ ಹಾಳೆಯ ಒಂದು ಕರಾರು ಪತ್ರ ಕನ್ನಡದಲ್ಲಿ ತಯಾರು ಮಾಡಿ ಎಲ್ಲರಿಗೂ ಹಂಚಲಿ. ಏನು ಕೆಲಸ, ಎಷ್ಟು ಅಡಿ, ಎಷ್ಟು ದಿನ. ಸಾರುವೆ, ಬಣ್ಣ ಯಾರದ್ದು. ಶುರುವಿಗೆ ಅಡ್ವಾನ್ಸ್ ಎಷ್ಟು, ಔಟ್‌ಲೈನ್ ಒಪ್ಪಿದ ದಿನ ಎಷ್ಟು, ಮುಗಿದ ದಿನ ಎಷ್ಟು. ಔಟ್‌ಲೈನ್ ಒಪ್ಪಿದ ಮೇಲೆ ಬದಲಾವಣೆ ಕೇಳಿದರೆ ಎಷ್ಟು ಜಾಸ್ತಿ. ಹೆಸರು ಎಲ್ಲಿ ಹಾಕುವುದು. ಕಾಪಿರೈಟ್ ಯಾರದ್ದು. ಅಷ್ಟೇ. ಶಾಲೆ ಗೋಡೆ ಇರಲಿ, ದಸರಾ ಮೆರವಣಿಗೆಯ ಸ್ತಬ್ಧಚಿತ್ರ ಇರಲಿ, ಈ ಹಾಳೆ ಮುಂದಿಟ್ಟು ಮಾತಾಡಲಿ. ಸ್ತಬ್ಧಚಿತ್ರದ ಕೆಲಸದಲ್ಲಿ ದಸರೆಗೆ ಮುಂಚಿನ ತಿಂಗಳುಗಳಲ್ಲಿ ಎಷ್ಟೋ ಹುಡುಗರು ನಿದ್ದೆಗೆಟ್ಟು ದುಡಿಯುತ್ತಾರೆ. ಮೇಲಿನ ಗುತ್ತಿಗೆದಾರರಿಗೂ ಇವರಿಗೂ ನಡುವೆ ಒಂದು ಕಾಗದ ಇರುವುದಿಲ್ಲ.

ನಿಮ್ಮಲ್ಲಿರುವ ಇಬ್ಬರು ಡಿಸೈನರ್‌ಗಳಿಗೂ ಒಂದು ಮಾತು. ದುಡ್ಡು ಕೊಟ್ಟದ್ದು ಸಾಕು. ತಿಂಗಳಿಗೊಮ್ಮೆ ಬಂದು ಮಕ್ಕಳ ಪೋರ್ಟ್‌ಫೋಲಿಯೋ ನೋಡಿ. ಮತ್ತೆ ದಯವಿಟ್ಟು "ತಮ್ಮಾ, ಒಂದು ಲೋಗೋ ಮಾಡ್ಕೊಡೋ, ನಿನಗೂ ಎಕ್ಸ್‌ಪೀರಿಯನ್ಸ್ ಆಗುತ್ತೆ" ಅನ್ನಬೇಡಿ.

ಪ್ರದರ್ಶನದ ಬಗ್ಗೆ ಕೇಳಿದ್ದೀರಿ. ಮೈಸೂರಿನಲ್ಲಿ ಕಲಾಮಂದಿರದ ಸುಚಿತ್ರ ಗ್ಯಾಲರಿಯಲ್ಲಿ ಒಂದು ಸಣ್ಣ ಗ್ರೂಪ್ ಶೋ ಮಾಡಿ, ಬೇಡ ಅನ್ನುವುದಿಲ್ಲ. ಆದರೆ ಅಲ್ಲಿ ಬರುವವರು ಮುಕ್ಕಾಲು ಪಾಲು ನಾವು ನಾವೇ. ಕೊಳ್ಳುವವರ ಮುಖ ನೋಡಬೇಕಾದರೆ ಬೆಂಗಳೂರಿನ ಚಿತ್ರಸಂತೆಗೆ ಕಳಿಸಿ. ಚಿತ್ರಕಲಾ ಪರಿಷತ್ತು 2003ರಿಂದ ಕುಮಾರಕೃಪಾ ರಸ್ತೆಯಲ್ಲಿ ನಡೆಸುತ್ತಿರುವ ಒಂದು ದಿನದ ಸಂತೆ ಅದು, ಸಾಮಾನ್ಯವಾಗಿ ಜನವರಿಯಲ್ಲಿ. ಕಲಾವಿದರು ನೇರವಾಗಿ ಜನರಿಗೇ ಮಾರುತ್ತಾರೆ. ಅರ್ಜಿ ತಿಂಗಳುಗಳ ಮುಂಚೆಯೇ ಹಾಕಬೇಕು, ಅದನ್ನು ನೆನಪಿಸುವ ಕೆಲಸ ನಿಮ್ಮದು. ಐದು ಜನಕ್ಕೆ ಒಂದು ಗೂಡ್ಸ್ ಗಾಡಿ ಮಾಡಿಕೊಡಿ. ಫ್ರೇಮ್ ಅಂಗಡಿಯವರು ಅಸಲಿನ ಬೆಲೆಗೆ ಫ್ರೇಮ್ ಹಾಕಿಕೊಡಲಿ. ದೊಡ್ಡ ಕ್ಯಾನ್ವಾಸ್ ಎರಡು ಸಾಕು, ಉಳಿದದ್ದೆಲ್ಲ ಕೈಯಲ್ಲಿ ಹಿಡಿದು ಬಸ್ ಹತ್ತುವ ಅಳತೆಯಲ್ಲಿರಲಿ. ಸಂಜೆ ಚೌಕಾಸಿ ಜೋರಾಗುತ್ತದೆ. ಯಾವ ಬೆಲೆಗಿಂತ ಕೆಳಗೆ ಇಳಿಯುವುದಿಲ್ಲ ಅಂತ ಬೆಳಗ್ಗೆಯೇ ಚಿತ್ರದ ಹಿಂದೆ ಪೆನ್ಸಿಲಿನಲ್ಲಿ ಬರೆದುಕೊಳ್ಳಬೇಕು.

ಇನ್ನೂ ಓದುತ್ತಿರುವವರು ಕೊಚ್ಚಿಯ ಸ್ಟೂಡೆಂಟ್ಸ್ ಬಿಯೆನಾಲೆಯನ್ನು ಒಮ್ಮೆ ನೋಡಿ ಬರಲಿ. ಕೊಚ್ಚಿ ಬಿಯೆನಾಲೆ ಅನ್ನುವ ದೊಡ್ಡ ಕಲಾ ಪ್ರದರ್ಶನದ ಜೊತೆಗೇ 2014ರಿಂದ ನಡೆದು ಬಂದಿರುವುದು ಅದು. ದೇಶದ ಬೇರೆ ಬೇರೆ ಕಲಾ ಕಾಲೇಜುಗಳ ಮಕ್ಕಳು ಏನು ಮಾಡುತ್ತಿದ್ದಾರೆ ಅಂತ ಕಣ್ಣಾರೆ ಕಂಡರೆ ಒಂದು ವರ್ಷದ ಪಾಠ ಆದ ಹಾಗೆ.

ಸ್ಕಾಲರ್‌ಶಿಪ್ಪುಗಳು ಇವೆ, ನಮ್ಮ ಕಡೆಯ ಮಕ್ಕಳು ಅರ್ಜಿ ಹಾಕುವುದು ಕಡಿಮೆ. ಕೇಂದ್ರ ಸಂಸ್ಕೃತಿ ಇಲಾಖೆಯ ಯುವ ಕಲಾವಿದರ ವಿದ್ಯಾರ್ಥಿವೇತನ 18ರಿಂದ 25 ವಯಸ್ಸಿನವರಿಗೆ, ತಿಂಗಳಿಗೆ 5,000 ರೂಪಾಯಿ, 2 ವರ್ಷ. ಕನಿಷ್ಠ 5 ವರ್ಷದ ಕಲಿಕೆ ತೋರಿಸಬೇಕು, ಅದಕ್ಕೆ ಕಾಲೇಜಿಗೆ ಮುಂಚೆ ಕಲಿತ ಗುರುಗಳಿಂದಲೂ ಪತ್ರ ತೆಗೆದುಕೊಂಡಿರಲಿ. 25 ದಾಟಿದವರಿಗೆ 40ರವರೆಗೆ ಜೂನಿಯರ್ ಫೆಲೋಶಿಪ್ ಇದೆ, ತಿಂಗಳಿಗೆ 10,000, ಅದೂ 2 ವರ್ಷ. ಆ ವರ್ಷದ ಪ್ರಕಟಣೆ ಓದಿಯೇ ಅರ್ಜಿ ಹಾಕಲಿ. ಬೆಂಗಳೂರಿನ ಇಂಡಿಯಾ ಫೌಂಡೇಶನ್ ಫಾರ್ ದಿ ಆರ್ಟ್ಸ್ ಸಂಸ್ಥೆಯೂ ಕಲೆಯ ಯೋಜನೆಗಳಿಗೆ ಅನುದಾನ ಕೊಡುತ್ತದೆ. ಅಲ್ಲಿಗೆ ಕನ್ನಡದಲ್ಲೇ ಬರೆದು ಕಳಿಸಬಹುದು. ಇದನ್ನು ನಾನು ಹೇಳಿದಾಗಲೆಲ್ಲ ಹುಡುಗರು ನಂಬುವುದಿಲ್ಲ. ಇಂಗ್ಲಿಷ್ ಬರುವುದಿಲ್ಲ ಅಂತಲೇ ಎಷ್ಟು ಒಳ್ಳೆಯ ಯೋಚನೆಗಳು ಸ್ಕೆಚ್‌ಬುಕ್ಕಿನಲ್ಲೇ ಉಳಿದಿವೆಯೋ.

ಅರ್ಜಿಗೆ ಒಳ್ಳೆಯ ಫೋಟೋ ಬೇಕು. ಮೂರು ಮೇಷ್ಟ್ರುಗಳಿದ್ದೀರಲ್ಲ, ಈ ಕೆಲಸ ನಿಮ್ಮದು. ವರ್ಷಕ್ಕೆರಡು ದಿನ ಎಲ್ಲರ ಕೆಲಸದ ಫೋಟೋ ತೆಗೆಯಿರಿ. ಬಿಸಿಲಿನಲ್ಲಿ ಬೇಡ, ಫ್ಲ್ಯಾಶ್ ಬೇಡ. ಮೋಡ ಮುಸುಕಿದ ದಿನ ಆಲೆಮನೆಯ ಅಂಗಳದಲ್ಲಿ ನೆರಳಿಗೆ ನಿಲ್ಲಿಸಿ, ಕ್ಯಾಮೆರಾ ಚಿತ್ರದ ನಡುಮಟ್ಟಕ್ಕೆ ಇಡಿ. ಹೆಸರು, ಮಾಧ್ಯಮ, ಅಳತೆ, ವರ್ಷ ಆವತ್ತೇ ಬರೆದಿಡಿ. ಆಮೇಲೆ ಬರೆಯೋಣ ಅಂದರೆ ಮುಗಿಯಿತು.

ಯಾರಾದರೂ ಮೇಷ್ಟ್ರ ಕೆಲಸಕ್ಕೋ, ಬ್ಯಾಂಕಿಗೋ, ಅಂಗಡಿಗೋ ಸೇರಿದರೆ "ಬಿಟ್ಟುಬಿಟ್ಟ" ಅಂತ ಲೆಕ್ಕದಿಂದ ಹೊಡೆದು ಹಾಕಬೇಡಿ. ಭಾನುವಾರ ಒಂದು ದಿನ ಶೆಡ್ಡಿಗೆ ಬಂದರೂ ಅವರು ನಿಮ್ಮವರೇ. ನಿಮ್ಮ ಹನ್ನೊಂದು ಜನರಲ್ಲಿ ಈಗ ಬ್ರಷ್ ಹಿಡಿಯುತ್ತಿರುವವರು ಎಷ್ಟು ಜನ ಅಂತ ನೀವು ಬರೆದಿಲ್ಲ, ನಾನು ಕೇಳುವುದೂ ಇಲ್ಲ. ರ‍್ಯಾಕ್ ಮಾಡಿಸುವಾಗ ಹನ್ನೊಂದು ಖಾನೆ ಜಾಸ್ತಿ ಮಾಡಿಸಿ.

ನನ್ನ ಹತ್ತಿರ ಎರಡು ಹಳೇ ಈಸೆಲ್, ಮಣ್ಣಿನ ಕೆಲಸದ ಒಂದು ಟರ್ನ್‌ಟೇಬಲ್, ಅರ್ಧ ಚೀಲ ಪ್ಲಾಸ್ಟರ್ ಇವೆ. ಶೆಡ್ ಕರಾರಿಗೆ ಸಹಿ ಆದ ವಾರ ಒಂದು ಕಾಗದ ಹಾಕಿ, ಗೂಡ್ಸ್ ಆಟೋದಲ್ಲಿ ತಂದು ಇಳಿಸುತ್ತೇನೆ. ಪ್ಲಾಸ್ಟರ್ ಮಳೆಗಾಲಕ್ಕೆ ಮುಂಚೆ ಬಳಸಬೇಕು, ತಡಮಾಡಬೇಡಿ.